ಸ್ನೂಸ್‌ಗೆ ಬೇಕಾದ ಪರಿಮಳ

ಸ್ವೀಡನ್ನಿನವರು ಮೇಲ್ದುಟಿಯೊಳಗೆ ಇಟ್ಟುಕೊಳ್ಳುವ ತೇವದ ಹೊಗೆಸೊಪ್ಪಿನ ಪುಡಿಯೇ ಸ್ನೂಸ್. ಕೆಲವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ: ಪುಡಿ, ಉಪ್ಪು, ನೀರು ಕಲಸಿ ಗಂಟೆಗಟ್ಟಲೆ ಹದವಾದ ಬಿಸಿಯಲ್ಲಿಟ್ಟು, ಸೋಡಿಯಂ ಕಾರ್ಬೊನೇಟ್ ಸೇರಿಸುವುದು. ಪರಿಮಳ ಮಾತ್ರ ಆರಿದ ಮೇಲೆ, ಸಾರು ಇಳಿಸಿ ಕೊತ್ತಂಬರಿ ಸೊಪ್ಪು ಉದುರಿಸುವ ಹಾಗೆ.

ತಲೆನೋವು ಶುರುವಾಗುವುದೇ ಅಲ್ಲಿ. ಹಳೇ ರುಚಿಯೆಂದರೆ ಬರ್ಗಮಾಟ್, ಇಟಲಿಯ ಕಲಾಬ್ರಿಯದಲ್ಲಿ ಬೆಳೆಯುವ ನಿಂಬೆಜಾತಿಯ ಹಣ್ಣಿನ ಸಿಪ್ಪೆಯೆಣ್ಣೆ. ಅರ್ಲ್ ಗ್ರೇ ಚಹಾದ ಘಮವೂ ಅದೇ. ಆದರೆ ತಿನ್ನಲು ಆಗುವ ಎಣ್ಣೆ ಬೇರೆ, ಸೋಪಿಗೆ, ಊದುಬತ್ತಿಗೆ ಹಾಕುವುದು ಬೇರೆ. ಸೀಸೆಗಳು ಮಾತ್ರ ಅವಳಿಜವಳಿ! ಹನಿ ಹೆಚ್ಚಾದರೆ ಸೋಪು ಕಚ್ಚಿದಂತೆ.

ನಮ್ಮಜ್ಜ ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ದವಡೆಗೆ ಒತ್ತರಿಸುತ್ತಿದ್ದರು. ಸುಣ್ಣದ ಕೆಲಸವೂ ಆ ಕಾರ್ಬೊನೇಟಿನದ್ದೇ, ನಿಕೋಟಿನ್ ಬೇಗ ಏರಿಸುವುದು. ಪರಿಮಳಕ್ಕೆ? ಒಂದು ಲವಂಗ, ಅದೂ ಅಜ್ಜಿಯ ಡಬ್ಬಿಯಿಂದ ಕದ್ದದ್ದು.