ಎರಡೇ ಸೀಟಿನ ಕಾರು

ನಿಮ್ಮ ಮನೆಯಲ್ಲೂ ಅಂಥದೊಂದು ವಸ್ತು ಇರಬಹುದು. ಲೆಕ್ಕ ಹಾಕಿದರೆ ಮಾರಬೇಕು, ಮನಸ್ಸನ್ನು ಕೇಳಿದರೆ ಬೇಡ. ಕೆಲವರಿಗೆ ಅದು ಅಜ್ಜ ಕಟ್ಟಿಸಿದ ಹಂಚಿನ ಮನೆ. ಕೆಲವರಿಗೆ ಉಮ್ಮನ ಹೊಲಿಗೆ ಯಂತ್ರ. ಇನ್ನು ಕೆಲವರಿಗೆ ಹಟ್ಟಿಯಲ್ಲಿರುವ, ಹಾಲು ಬತ್ತಿದ ಹಸು. ನನಗೆ ಅದೊಂದು ಕಾರು. ಅದೂ ಎಂಥ ಕಾರು? ಐದು ಜನರ ಕುಟುಂಬದಲ್ಲಿ ಎರಡೇ ಸೀಟಿನ ಕಾರು!

ದುಬೈಯಲ್ಲಿ ದುಡಿಯುವ ಕರಾವಳಿಯ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬ. ನಮ್ಮವರು ಇಲ್ಲಿ ಕಾರು ಕೊಳ್ಳುವಾಗ ಮೊದಲು ನೋಡುವುದು ಎಷ್ಟು ಜನ ಕೂರಬಹುದು ಎಂಬುದನ್ನು. ಊರಿನಿಂದ ಬಂದವರನ್ನು ವಿಮಾನ ನಿಲ್ದಾಣದಿಂದ ಕರೆತರಬೇಕು, ಹಬ್ಬಕ್ಕೆ ನಾಲ್ಕು ಮನೆ ಸುತ್ತಬೇಕು. ಅಂಥ ಕಾರು ನಮ್ಮಲ್ಲೂ ಇದೆ. ನಾನು ಹೇಳುತ್ತಿರುವುದು ಅದರ ಪಕ್ಕದಲ್ಲಿ ನಿಲ್ಲುವ ಇನ್ನೊಂದರ ಬಗ್ಗೆ. 2001ರ ಮಾದರಿಯ ಮಾಜ್ದಾ ಎಂಎಕ್ಸ್-5. ಬಟ್ಟೆಯ ಮಾಡು ಇರುವ ಕಾರು. ಕೈಯಿಂದಲೇ ಮಡಚಿ ಹಿಂದಕ್ಕೆ ಹಾಕಿದರೆ ತಲೆಯ ಮೇಲೆ ಆಕಾಶ.

ಹಿರೋಶಿಮಾದ ಆ ಕಂಪೆನಿ ಇದನ್ನು ಮೊದಲು ತೋರಿಸಿದ್ದು 1989ರಲ್ಲಿ, ಅಮೆರಿಕದ ಶಿಕಾಗೋ ವಾಹನ ಪ್ರದರ್ಶನದಲ್ಲಿ. ಬ್ರಿಟನ್, ಇಟಲಿಗಳಲ್ಲಿ ಇಂಥ ಪುಟ್ಟ ತೆರೆದ ಕಾರುಗಳ ಕಾಲ ಮುಗಿಯಿತು ಎಂದು ಎಲ್ಲರೂ ಭಾವಿಸಿದ್ದ ಸಮಯವದು. ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದು 2000ದಲ್ಲಿ ಇದರ ಹೆಸರು ಗಿನ್ನೆಸ್ ದಾಖಲೆಗೆ ಸೇರಿತು. 2016ರಲ್ಲಿ ತಯಾರಾದ ಕಾರುಗಳ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. ಭಾರೀ ಎಂಜಿನ್ನೇನೂ ಇಲ್ಲ. ನನ್ನದು 1.8 ಲೀಟರಿನದು, ತೂಕ ಒಂದು ಟನ್ನಿನ ಆಸುಪಾಸು. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಕುದುರೆಯೂ ಸವಾರನೂ ಒಂದೇ ಜೀವವಾಗಿ ಓಡುವ ಹಾಗಿರಬೇಕು ಎಂಬುದು ಅದನ್ನು ರೂಪಿಸಿದ ಜಪಾನೀಯರ ಕಲ್ಪನೆ. ಅದಕ್ಕೆ ಅವರ ಭಾಷೆಯಲ್ಲಿ 'ಜಿನ್ಬಾ ಇತ್ತಾಯ್' ಎನ್ನುತ್ತಾರೆ. ಹಗುರವಾದದ್ದು ಕೈಮಾತು ಕೇಳುತ್ತದೆ ಎಂಬುದನ್ನು ದೋಣಿ ನಡೆಸುವ ನಮ್ಮ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ.

ನಾನು ಇದನ್ನು ಕೊಂಡದ್ದು 2010ರಲ್ಲಿ. 2008ರ ಆರ್ಥಿಕ ಕುಸಿತದ ಹೊಡೆತಕ್ಕೆ ಎಷ್ಟೋ ಮಂದಿ ಕೆಲಸ ಬಿಟ್ಟು ತಮ್ಮ ದೇಶಕ್ಕೆ ಮರಳುತ್ತಿದ್ದ ದಿನಗಳು. ಹಾಗೆ ಹೊರಟಿದ್ದ ಒಬ್ಬ ಎಂಜಿನಿಯರ್ 17,000 ದಿರ್ಹಮಿಗೆ ಕೊಟ್ಟರು. ಮನೆಯ ಮುಂದೆ ತಂದು ನಿಲ್ಲಿಸಿದಾಗ ನನ್ನ ಪತ್ನಿ ಕೇಳಿದ್ದು ಒಂದೇ ಪ್ರಶ್ನೆ.

"ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ? ಡಿಕ್ಕಿಯಲ್ಲಾ?"

ಆಗ ಹಿರಿಯವನಿಗೆ ನಾಲ್ಕು ವರ್ಷ, ಎರಡನೆಯವಳು ತೊಟ್ಟಿಲಲ್ಲಿ. ಹತ್ತು ತುಂಬದ ಮಕ್ಕಳು ಮುಂದಿನ ಸೀಟಿನಲ್ಲಿ ಕೂರುವಂತಿಲ್ಲ ಎಂಬುದು ಇಲ್ಲಿನ ಕಾನೂನು. 2017ರಿಂದ ವಯಸ್ಸಿನ ಜೊತೆಗೆ 145 ಸೆಂಟಿಮೀಟರ್ ಎತ್ತರದ ಮಾತೂ ಸೇರಿತು. ನನ್ನ ಕಾರಿನಲ್ಲಿ ಹಿಂದಿನ ಸೀಟೇ ಇಲ್ಲ. ಇರುವ ಒಂದು ಸೀಟಿನ ಎದುರು ಗಾಳಿಚೀಲವಿದೆ, ಅದು ದೊಡ್ಡವರಿಗಾಗಿ ಮಾಡಿದ್ದು. ಹೀಗಾಗಿ ನಮ್ಮ ಮನೆಯಲ್ಲಿ ತಾನಾಗಿಯೇ ಒಂದು ನಿಯಮ ಹುಟ್ಟಿತು. ಯಾರಿಗೆ ಹತ್ತು ತುಂಬಿ, ಅಡುಗೆ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಗೀಚಿದ ಗೆರೆಯನ್ನು ತಲೆ ಮುಟ್ಟುತ್ತದೋ ಅವರಿಗೆ ಉಪ್ಪನ ಪಕ್ಕದ ಸೀಟು.

ಪ್ರಿಯ ಓದುಗರೇ, ಇಲ್ಲಿಂದ ಮುಂದಿನದು ಕಾರಿನ ಕಥೆಗಿಂತ ಮನೆಯ ಕಥೆ.

ಗಲ್ಫಿನ ಜೀವನ ನಿಮಗೆ ಗೊತ್ತು. ಬೆಳಿಗ್ಗೆ ಹೋದ ತಂದೆ ಮರಳುವಾಗ ಮಕ್ಕಳ ಹೋಂವರ್ಕ್ ಮುಗಿದಿರುತ್ತದೆ. ಊಟದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೂರುತ್ತೇವೆ ನಿಜ. ಆದರೆ ಐದು ಜನರ ಮಧ್ಯೆ ಯಾವ ಮಗುವೂ ತನ್ನ ಮನಸ್ಸಿನ ಒಳಗಿನದನ್ನು ಹೇಳುವುದಿಲ್ಲ. ದೊಡ್ಡ ಕಾರಿನಲ್ಲಿ ಹೊರಟರೆ ಒಬ್ಬ ಹಾಡು ಬೇಕೆನ್ನುತ್ತಾನೆ, ಒಬ್ಬಳು ಕಿಟಕಿ ಬೇಕೆನ್ನುತ್ತಾಳೆ, ಸಣ್ಣವಳಿಗೆ ವಾಂತಿ ಬರುತ್ತದೆ. ಎರಡು ಸೀಟಿನ ಕಾರಿನಲ್ಲಿ ಮಾತ್ರ ಒಂದು ಮಗು, ಒಬ್ಬ ತಂದೆ. ಇಬ್ಬರ ಕಣ್ಣೂ ರಸ್ತೆಯ ಮೇಲೆ. ಮುಖ ನೋಡದೆ ಮಾತನಾಡುವಾಗ ಮಕ್ಕಳಿಗೆ ಹೇಳುವುದು ಸುಲಭ ಎಂಬುದನ್ನು ನನಗೆ ಕಲಿಸಿದ್ದು ಈ ಕಾರು.

2022ರ ಜನವರಿಯಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗುವವರೆಗೆ ಶುಕ್ರವಾರ ನಮಗೆ ರಜೆ. ಫಜ್ರ್ ನಮಾಝ್ ಮುಗಿಸಿ ಹೊರಟರೆ ಜುಮಾಕ್ಕೆ ಮೊದಲು ಮನೆ ಸೇರುತ್ತಿದ್ದೆವು. ಚಳಿಗಾಲದಲ್ಲಿ ಒಮ್ಮೊಮ್ಮೆ ಅಲ್ ಐನ್‌ನ ಜಬಲ್ ಹಫೀತ್ ಬೆಟ್ಟದವರೆಗೂ ಹೋಗುವುದಿತ್ತು. ಸುಮಾರು 12 ಕಿಲೋಮೀಟರಿನ ಆ ಬೆಟ್ಟದ ದಾರಿಗೆ ಅರವತ್ತು ತಿರುವು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬಸ್ಸಿನಲ್ಲಿ ಹತ್ತಿ ಇಳಿದವನಿಗೆ ಅದೊಂದು ದೊಡ್ಡ ಹಬ್ಬ. ಅಲ್ಲಿ ವೇಗವಾಗಿ ಓಡಿಸಬೇಕಾಗಿಲ್ಲ. ಮೂರನೇ ಗೇರಿನಲ್ಲಿ ನಿಧಾನಕ್ಕೆ ಹತ್ತಿದರೂ ಈ ಕಾರು ಸಂತೋಷ ಕೊಡುತ್ತದೆ.

ಆ ದಾರಿಯಲ್ಲೇ ನನ್ನ ಮಗ, ಹದಿನಾಲ್ಕನೇ ವಯಸ್ಸಿನಲ್ಲಿ, ತನಗೆ ಡಾಕ್ಟರ್ ಆಗುವ ಆಸೆ ಇಲ್ಲವೆಂದು ಹೇಳಿದ್ದು. ಮನೆಯಲ್ಲಿ ಎಲ್ಲರೂ ಅವನನ್ನು 'ಡಾಕ್ಟ್ರೇ' ಎಂದೇ ಕರೆಯುತ್ತಿದ್ದರು. ಹತ್ತು ತಿರುವು ದಾಟುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದ. ಈಗ ಅವನು ಮಂಗಳೂರಿನ ಹತ್ತಿರ ಎಂಜಿನಿಯರಿಂಗ್ ಓದುತ್ತಿದ್ದಾನೆ.

2021ರ ಏಪ್ರಿಲ್ ಕೊನೆಯಲ್ಲಿ ಕೊರೊನಾದ ಎರಡನೇ ಅಲೆಯಿಂದಾಗಿ ಭಾರತದಿಂದ ಇಲ್ಲಿಗೆ ಪ್ರಯಾಣಿಕರು ಬರುವುದನ್ನು ನಿಲ್ಲಿಸಿದರು. ಮುಂದಿನ ತಿಂಗಳು ಊರಿನಲ್ಲಿ ಉಮ್ಮ ತೀರಿಕೊಂಡರು. ಹೋದರೆ ಮರಳಿ ಬರುವ ದಾರಿಯಿಲ್ಲ. ಇಲ್ಲಿ ಕೆಲಸವಿದೆ, ಮೂರು ಮಕ್ಕಳಿದ್ದಾರೆ. ಉಮ್ಮನ ದಫನವನ್ನು ಫೋನಿನ ಪರದೆಯಲ್ಲಿ ನೋಡಿದೆ. ಒಂದು ವಾರದ ಬಳಿಕ, ಹನ್ನೊಂದರ ಮಗಳು ಕಾರಿನಲ್ಲಿ ಪಕ್ಕಕ್ಕೆ ಕೂತು ಕೇಳಿದಳು. "ಉಪ್ಪಾ, ನೀವು ಯಾಕೆ ಅಳಲಿಲ್ಲ?" ನಾನು ಕಾರನ್ನು ರಸ್ತೆ ಬದಿಯ ಪೆಟ್ರೋಲ್ ಬಂಕಿಗೆ ತಿರುಗಿಸಿ ನಿಲ್ಲಿಸಿದೆ. ಆ ದಿನ ನಾವಿಬ್ಬರೂ ಅತ್ತೆವು. ಬೇರೆ ಎಲ್ಲಿಯೂ ಆ ಪ್ರಶ್ನೆಯನ್ನು ಅವಳು ಕೇಳುತ್ತಿರಲಿಲ್ಲ ಎಂದೇ ನನಗನಿಸುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಕೆಲವು ವಾರಗಳ ಹಿಂದೆ ಒಬ್ಬರು ಬಂದು ಕಾರು ನೋಡಿದರು. ಹಳೆಯ ಜಪಾನೀ ಕಾರುಗಳೆಂದರೆ ಅವರಿಗೆ ಪ್ರೀತಿ. 28,000 ದಿರ್ಹಮ್ ಕೊಡುತ್ತೇನೆ ಎಂದರು. ಊರಿನ ಲೆಕ್ಕದಲ್ಲಿ ಆರು ಲಕ್ಷಕ್ಕೂ ಮಿಕ್ಕಿ. ಕೊಂಡ ಬೆಲೆಗಿಂತ ಹೆಚ್ಚು! ಮಗನ ಓದಿಗೆ ಇನ್ನೂ ಹಣ ಬೇಕು. ಕಾರಿಗೂ ಬೇಕು.

ಹಳೆಯ ಕಾರು ಸಾಕುವುದೆಂದರೆ ಏನೆಂದು ತಿಳಿಯದವರಿಗಾಗಿ ಹೇಳುತ್ತೇನೆ. ಇಲ್ಲಿ ಪ್ರತಿ ವರ್ಷ ಮುಲ್ಕಿಯಾ ನವೀಕರಿಸಲು ಪಾಸಿಂಗಿಗೆ ಹೋಗಬೇಕು. ವಯಸ್ಸಾದ ಕಾರಿಗೆ ಸಾಮಾನ್ಯವಾಗಿ ಸಿಗುವುದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅಂದರೆ ನನ್ನ ಕಾರು ಜಜ್ಜಿ ಹೋದರೆ ನಷ್ಟ ನನ್ನದೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ, ನೀವೂ ನಿಮ್ಮ ವಾಹನದಲ್ಲಿ ಹುಡುಕಿ ನೋಡಿ. '2322' ಎಂದಿದ್ದರೆ ಅದು 2022ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ಇಲ್ಲಿ ಬಳಸುವಂತಿಲ್ಲ. ಕಡಿಮೆ ಓಡುವ ಕಾರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು ಒಂದು ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ಅಷ್ಟು ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಭಾಗ ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿದರೆ ಒಡೆಯುವ ಕಾಲ ಹತ್ತಿರವಾಯಿತೆಂದು ಅರ್ಥ. ನನ್ನದು ತಿರುಗಿದೆ. ಬಟ್ಟೆಯ ಮಾಡಿನ ಹೊಲಿಗೆಯನ್ನು ಇಲ್ಲಿನ ಬಿಸಿಲು ತಿಂದಿದೆ. ಎಲ್ಲ ಸೇರಿಸಿ ಗ್ಯಾರೇಜಿನವರು ಹೇಳಿದ ಮೊತ್ತ 9,000 ದಿರ್ಹಮ್.

ಹಾಗಾದರೆ ಓಡಿಸದೆ ಮೂಲೆಯಲ್ಲಿ ಇಟ್ಟುಬಿಡಬಹುದಲ್ಲ ಎಂದು ನೀವು ಕೇಳಬಹುದು. ನಿಲ್ಲಿಸಿದ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ಬ್ಯಾಟರಿ ಇಳಿಯುತ್ತದೆ, ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ, ಬ್ರೇಕಿಗೆ ತುಕ್ಕು ಹಿಡಿಯುತ್ತದೆ, ಸೀಲುಗಳು ಒಣಗಿ ಆಯಿಲ್ ಸೋರುತ್ತದೆ. ಯಾರೂ ವಾಸವಿಲ್ಲದ ಮನೆಗೆ ಗೆದ್ದಲು ಹಿಡಿದಂತೆ.

ಊರಿಗೆ ಸಾಗಿಸುವ ಯೋಚನೆಯನ್ನೂ ಮಾಡಿದೆ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು. ಮೇಲೆ ಬೆಲೆಗಿಂತಲೂ ಹೆಚ್ಚು ಸುಂಕ. ನನ್ನ ಕಾರು ಇಪ್ಪತ್ತೈದರ ಹೊಸ್ತಿಲಲ್ಲಿದೆ, ಸ್ಟೇರಿಂಗ್ ಎಡಕ್ಕಿದೆ. ಅಂದರೆ ಒಂದಲ್ಲ ಒಂದು ದಿನ, ನಾವು ಊರಿಗೆ ಮರಳುವಾಗ, ಇದನ್ನು ಬಿಟ್ಟೇ ಹೋಗಬೇಕು. ಪ್ರಶ್ನೆ ಇರುವುದು ಯಾವಾಗ ಎಂಬುದರಲ್ಲಿ ಮಾತ್ರ.

ಕಾಗದದ ಮೇಲೆ ಬರೆದು ನೋಡಿದರೆ ಉತ್ತರ ಸ್ಪಷ್ಟವಾಗಿತ್ತು. ಮಾರು. ನಾನು ಅದನ್ನೇ ಪತ್ನಿಗೆ ಹೇಳಿದೆ. ಡಿಕ್ಕಿಯ ಮಾತು ಹೇಳಿ ನಕ್ಕಿದ್ದ ಅವಳು ಈ ಸಲ ನಗಲಿಲ್ಲ.

"ಮಾರುವುದಾದರೆ ಮಾರಿ. ಆದರೆ ಸಣ್ಣವಳಿಗೆ ಏನು ಹೇಳುತ್ತೀರಿ ಎಂದು ಮೊದಲು ಯೋಚಿಸಿ."

ಸಣ್ಣವಳಿಗೆ ಈಗ ಒಂಬತ್ತು ವರ್ಷ. ಬರುವ ಅಕ್ಟೋಬರಿಗೆ ಹತ್ತು. ಅಣ್ಣ, ಅಕ್ಕ ಆ ಸೀಟಿನಲ್ಲಿ ಕೂತು ಹೋಗುವುದನ್ನು ಬಾಲ್ಕನಿಯಿಂದ ನೋಡಿ ಬೆಳೆದ ಹುಡುಗಿ. ಬಾಗಿಲ ಚೌಕಟ್ಟಿನ ಗೆರೆಗೆ ಇನ್ನು ಮೂರು ಬೆರಳು ಬಾಕಿ. ತಿಂಗಳಿಗೊಮ್ಮೆ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ಹಿಮ್ಮಡಿ ಎತ್ತದೆ, ಪೆನ್ಸಿಲಿನಿಂದ ಗುರುತು ಹಾಕಿಸಿಕೊಳ್ಳುತ್ತಾಳೆ. ಇಬ್ಬರಿಗೆ ಕೊಟ್ಟದ್ದನ್ನು ಮೂರನೆಯವಳಿಗೆ ಕೊಡದಿರಲು ನನ್ನಲ್ಲಿರುವ ಕಾರಣ ಏನು? ಬೆಲೆ ಚೆನ್ನಾಗಿ ಬಂತು ಎಂಬುದೇ? ಮಕ್ಕಳ ನಡುವೆ ಸಮನಾಗಿ ಹಂಚಬೇಕು ಎನ್ನುವಾಗ ನಾವು ಜಮೀನು, ಚಿನ್ನ, ಬಟ್ಟೆಯನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ತಂದೆಯ ಪಕ್ಕದ ಸೀಟು, ತಂದೆಯ ಒಂದು ಬೆಳಗಿನ ಹೊತ್ತು ಕೂಡ ಹಂಚಬೇಕಾದ ಆಸ್ತಿಯಲ್ಲವೇ?

ಮಗನಿಗೆ ಫೋನ್ ಮಾಡಿದೆ. ಹಣ ಅವನ ಓದಿಗೆ ಬೇಕಾದದ್ದು, ಅವನಿಗೂ ಮಾತಿನ ಹಕ್ಕಿದೆ. "ಫೀಸು ಕಂತಿನಲ್ಲಿ ಕಟ್ಟಬಹುದು ಉಪ್ಪಾ, ನಾನು ಕಾಲೇಜಿನಲ್ಲಿ ಕೇಳಿದ್ದೇನೆ. ಅವಳ ಸರದಿ ಮುಗಿಯಲಿ" ಎಂದ. ಅಷ್ಟೇ ಹೇಳಿದ್ದು. ಆದರೆ 'ಸರದಿ' ಎಂಬ ಪದವನ್ನು ಅವನು ಹೇಳಿದ ರೀತಿಯಲ್ಲಿ ಆ ಬೆಟ್ಟದ ಅರವತ್ತು ತಿರುವುಗಳೂ ಇದ್ದವು.

ಆದ್ದರಿಂದ ನಾವು ತೀರ್ಮಾನಿಸಿದ್ದು ಹೀಗೆ. ಕಾರನ್ನು ಇನ್ನೊಂದು ಚಳಿಗಾಲದವರೆಗೆ ಇಟ್ಟುಕೊಳ್ಳುವುದು. ಅದಕ್ಕೆ ಮೂರು ಕಟ್ಟುಪಾಡು. ಒಂದು, ಜೀವಕ್ಕೆ ಸಂಬಂಧಿಸಿದ್ದನ್ನು ಮಾತ್ರ ಸರಿಪಡಿಸುವುದು. ಟೈರು, ಬ್ರೇಕು, ಬೆಲ್ಟು, ರೇಡಿಯೇಟರು. ಮಾಡಿನ ಹೊಲಿಗೆಯನ್ನು ಒಳ್ಳೆಯ ದರ್ಜಿಯೊಬ್ಬರು ಕೈಯಲ್ಲೇ ಹಾಕಿಕೊಡುತ್ತಾರೆ. ಬಣ್ಣ, ಹೊಳಪು ಬೇಡ. ಎರಡು, ವಾರಕ್ಕೊಮ್ಮೆ ಕಡ್ಡಾಯವಾಗಿ ಓಡಿಸುವುದು. ಮೂರು, ಇಷ್ಟಕ್ಕಿಂತ ಹೆಚ್ಚು ಖರ್ಚು ಬಂದರೆ ಅಲ್ಲಿಗೆ ನಿಲ್ಲಿಸುವುದು ಎಂಬ ಮೊತ್ತವನ್ನು ಈಗಲೇ ಬರೆದಿಡುವುದು. ಬರೆದದ್ದು ನಾನು, ಕಾಗದ ಇರುವುದು ಪತ್ನಿಯ ಕೈಯಲ್ಲಿ. ಚಳಿಗಾಲ ಮುಗಿದು ಬಿಸಿಲು ಏರುವ ಹೊತ್ತಿಗೆ ಮಾರುವುದು, ಅದೂ ಓಡಿಸುವವರಿಗೆ.

ಬಂದಿದ್ದವರಿಗೆ ಹಾಗೆಯೇ ತಿಳಿಸಿದೆ. ಆಗ ಇದೇ ಬೆಲೆ ಸಿಗುವ ಖಾತ್ರಿ ಇಲ್ಲವೆಂದು ಅವರು ಮೊದಲೇ ಹೇಳಿದರು. ಅದು ನಿಜ. ಒಂದು ವರ್ಷಕ್ಕೆ ನಾನು ಕೊಡಬೇಕಾದ ಬಾಡಿಗೆ ಅದು ಎಂದುಕೊಂಡಿದ್ದೇನೆ. ಈ ಸಲ ನನ್ನ ಊರಿನ ಪ್ರಯಾಣವೂ ಅದೇ ಲೆಕ್ಕಕ್ಕೆ ಸೇರಿ ಮುಂದಕ್ಕೆ ಹೋಗಿದೆ. ಅದರ ಬೇಸರವಿಲ್ಲವೆಂದು ಹೇಳಲಾರೆ.

ನಿಮ್ಮ ಮನೆಯಲ್ಲೂ ಹಂಚಿನ ಮನೆಯೋ ಹೊಲಿಗೆ ಯಂತ್ರವೋ ಇಂಥ ಪ್ರಶ್ನೆಯಾಗಿ ನಿಂತಿದ್ದರೆ ಒಂದು ಮಾತು. ಅದರ ಬೆಲೆ ಎಷ್ಟು ಎಂದು ಮಾರುಕಟ್ಟೆ ಹೇಳುತ್ತದೆ. ಅದರ ನೆನಪು ಎಷ್ಟು ದೊಡ್ಡದು ಎಂದು ನಿಮ್ಮ ಮನಸ್ಸು ಹೇಳುತ್ತದೆ. ಇವೆರಡೂ ಜಗಳಕ್ಕೆ ನಿಂತಾಗ ಮೂರನೆಯ ಪ್ರಶ್ನೆಯೊಂದನ್ನು ಕೇಳಿ ನೋಡಿ. ಇದರಿಂದ ಆಗಬೇಕಾದ ಕೆಲಸ ಇನ್ನೂ ಬಾಕಿ ಇದೆಯೇ? ಬಾಕಿ ಇಲ್ಲವಾದರೆ ಪ್ರೀತಿಯಿಂದಲೇ ಬೀಳ್ಕೊಡಿ. ನೆನಪುಗಳು ವಸ್ತುವಿನ ಜೊತೆ ಗೇಟು ದಾಟಿ ಹೋಗುವುದಿಲ್ಲ. ಬಾಕಿ ಇದ್ದರೆ, ಅದು ಯಾರಿಗಾಗಿ, ಎಷ್ಟು ದಿನ, ಎಷ್ಟು ಖರ್ಚಿನವರೆಗೆ ಎಂದು ಬರೆದಿಟ್ಟುಕೊಂಡು ಇಟ್ಟುಕೊಳ್ಳಿ. ಗಡುವಿಲ್ಲದೆ ಇಟ್ಟುಕೊಂಡದ್ದು ಮೂಲೆ ಸೇರುತ್ತದೆ.

ಮುಂದಿನ ವಾರ ಕಾರು ಗ್ಯಾರೇಜಿಗೆ ಹೋಗುತ್ತದೆ. ಸಣ್ಣವಳು ಈಗಾಗಲೇ ಒಂದು ಪಟ್ಟಿ ಮಾಡಿದ್ದಾಳೆ, ಉಪ್ಪನಿಗೆ ಕೇಳಬೇಕಾದ ಪ್ರಶ್ನೆಗಳದು. ಓದಲು ಕೊಡುವುದಿಲ್ಲವಂತೆ. ಹತ್ತು ತುಂಬಿದ ಮೇಲೆ, ಇನ್‌ಶಾ ಅಲ್ಲಾಹ್, ದಾರಿಯಲ್ಲಿ ಒಂದೊಂದಾಗಿ ಕೇಳುತ್ತಾಳಂತೆ.