ನಾಲೆ ಏರಿಯ ಸವಾರಿ

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲೂ ಹತ್ತಬಾರದೆಂದು ಆದೇಶವಾಯಿತು. ಬೈಕಿನವರು ಗೊಣಗಿದರು, ಆಟೋದವರು ಬೈದರು. ನನ್ನಂಥ ಸೈಕಲ್ಲಿನವರು ಮಾತ್ರ ಒಳಗೊಳಗೇ ಖುಷಿಪಟ್ಟೆವು. ಲಾರಿಗಳ ಗಾಳಿಗೆ ತೂರಾಡುತ್ತ ಆ ದಾರಿಯಲ್ಲಿ ಹೋಗುವ ಆಸೆ ನಮಗೆಲ್ಲಿತ್ತು? ಆದರೆ ಮನೆಯವರ ಬುದ್ಧಿವಾದವೊಂದು ಬಹಳ ದಿನದಿಂದ ತಲೆ ತಿನ್ನುತ್ತಿತ್ತು: ‘ಹೋಗೋದಾದ್ರೆ ಮೇನ್ ರೋಡಲ್ಲಿ ಹೋಗಿ, ಆ ಹಳ್ಳಿ ದಾರಿ, ನಾಲೆ ದಾರಿ ಯಾಕೆ?’ ಅದಕ್ಕೊಂದು ಸರ್ಕಾರಿ ಉತ್ತರ ಸಿಕ್ಕಿತು. ಮೇನ್ ರೋಡಿಗೆ ಬಿಡುವುದಿಲ್ಲ ಕಣೇ, ನಾನೇನು ಮಾಡಲಿ?

ಹೆದ್ದಾರಿ ಬಿಟ್ಟು ಒಳಗಿಳಿಯಲು ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಆದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ಎಲ್ಲರೂ ನೋಡುತ್ತಾರೆ, ಫೋಟೋ ಹೊಡೆಯುತ್ತಾರೆ. ನನ್ನ ಓಟು ಬಂಗಾರದೊಡ್ಡಿ ನಾಲೆಗೆ. ಹದಿನೇಳನೆಯ ಶತಮಾನದ ಈ ನಾಲೆ ನದಿಯ ಕವಲನ್ನು ಕಲ್ಲಿನ ಮೇಲ್ಗಾಲುವೆಯ ಮೇಲೆ ದಾಟಿ ಪಟ್ಟಣ ಸೇರುತ್ತದೆ. ಕೆಳಗೆ ಹರಿಯುವುದೂ ಕಾವೇರಿ, ಮೇಲೆ ಹರಿಯುವುದೂ ಕಾವೇರಿ. ಚಿಕ್ಕದೇವರಾಜ ಒಡೆಯರ ಹೆಸರಿನ ಇನ್ನೊಂದು ನಾಲೆಯೂ ಈ ಸೀಮೆಯಲ್ಲೇ ಇದೆ. ಮಂಡ್ಯಕ್ಕೆ ನೀರು ಬಂದದ್ದೇ ವಿಶ್ವೇಶ್ವರಯ್ಯನವರಿಂದ ಎಂದು ಟೀ ಅಂಗಡಿಯಲ್ಲಿ ಮೇಜು ಗುದ್ದಿ ಹೇಳುವವರನ್ನು ಒಮ್ಮೆ ಇಲ್ಲಿಗೆ ಕರೆತರಬೇಕು. ಮೇಜು ಗುದ್ದುವವರು ಸೈಕಲ್ ಹತ್ತುವುದಿಲ್ಲ, ಅದೊಂದು ತೊಂದರೆ.

ಅಲ್ಲಿಂದ ಪಾಂಡವಪುರದ ಕಡೆಯ ಹಳ್ಳಿ ರಸ್ತೆಗಳು. ಸುಗ್ಗಿಯ ತಿಂಗಳುಗಳಲ್ಲಿ ಇವು ರಸ್ತೆಗಳೆಂದು ಹೇಳುವುದು ಕಷ್ಟ. ಸಗಣಿ ಸಾರಿಸಿದ ಕಣ, ರೋಣಗಲ್ಲು, ಎತ್ತು ಎಲ್ಲ ಹಿಂದೆ ಸರಿದು ಈಗ ಟಾರು ರಸ್ತೆಯೇ ಕಣ, ಹೋಗಿಬರುವ ಬಸ್ಸು ಕಾರುಗಳೇ ರೋಣಗಲ್ಲು. ರಾಗಿ ತೆನೆಯ ಮೇಲೆ ಸೈಕಲ್ ಹಾಯಿಸುವುದು ಸುಖ, ಮೆತ್ತಗೆ ಚರಚರ ಎನ್ನುತ್ತದೆ. ಹುರುಳಿ ಹಾಗಲ್ಲ. ಒಣಗಿದ ಬಳ್ಳಿ ಹಿಂದಿನ ಚಕ್ರದ ಗೇರಿಗೆ ಸುತ್ತಿಕೊಂಡು ಸರಪಳಿ ಹಲ್ಲಿನ ನಡುವೆ ಇಳಿದರೆ ಮುಗಿಯಿತು. ದಾರಿ ಬದಿಯಲ್ಲಿ ಕೂತು ಒಂದೊಂದೇ ಎಳೆ ಕಿತ್ತು ತೆಗೆಯಬೇಕು, ಬೆರಳೆಲ್ಲ ಗ್ರೀಸು. ಹೀಗೆ ಕೂತಿದ್ದಾಗ ಮೊರ ಹಿಡಿದ ಹೆಂಗಸೊಬ್ಬರು ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, ‘ನಿನ್ ಗಾಡಿ ಹಾದ್ರೆ ಒಂದ್ ಕಾಳೂ ಉದ್ರಕಿಲ್ಲ, ಪಕ್ಕಕ್ಕೆ ಬಾರಪ್ಪ, ಬಸ್ ಬತ್ತದೆ’ ಎಂದರು. ಒಂಬತ್ತು ಕಿಲೋ ತೂಕದ ಸೈಕಲ್ಲೆಂದು ಗೆಳೆಯರೆದುರು ಬೀಗುತ್ತಿದ್ದ ನನಗೆ ಹಗುರತನವೂ ದೋಷವಾಗಬಹುದೆಂದು ಹೊಳೆದದ್ದು ಅಂದೇ.

ಇಷ್ಟೆಲ್ಲ ಹಾದು ಏರಿ ಹತ್ತಿದರೆ ವಿಶ್ವೇಶ್ವರಯ್ಯ ನಾಲೆ. ಜನರ ಬಾಯಲ್ಲಿ ವಿ.ಸಿ. ನಾಲೆ. ಹಿಂದೆ ವೈಸ್‌ರಾಯ್ ಇರ್ವಿನ್ ಹೆಸರಿನಲ್ಲಿ ಇರ್ವಿನ್ ನಾಲೆ ಎನ್ನುತ್ತಿದ್ದರು. ಕನ್ನಂಬಾಡಿ ಕಟ್ಟೆಯ ಎಡದಂಡೆಯಿಂದ ಹೊರಡುವ ಈ ನಾಲೆಯ ಕೆಲಸ ನಡೆದದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಆಗಲೇ ವರ್ಷಗಳು ಕಳೆದಿದ್ದವು. ನೀರು ಬಂತು, ಕಬ್ಬು ಬಂತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು.

ಚರಿತ್ರೆ ಹಾಗಿರಲಿ, ಸೈಕಲ್ಲಿನವನಿಗೆ ನಾಲೆಯ ಗುಟ್ಟು ಗೊತ್ತಾಗುವುದು ತೊಡೆಯ ಮೂಲಕ. ಊರಿಂದ ಊರಿಗೆ ಹೋಗುವ ರಸ್ತೆಗೆ ಅವಸರ ಇರುತ್ತದೆ. ದಿಣ್ಣೆ ಬಂದರೆ ಹತ್ತುತ್ತದೆ, ಹಳ್ಳ ಬಂದರೆ ಇಳಿಯುತ್ತದೆ. ನಾಲೆಗೆ ಆ ಸ್ವಾತಂತ್ರ್ಯ ಇಲ್ಲ. ಇಳಿಜಾರು ಹೆಚ್ಚಾದರೆ ನೀರು ಓಡಿ ದಂಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಹಾಗಾಗಿ ದೊಡ್ಡ ನಾಲೆಗಳು ಕಿಲೋಮೀಟರಿಗೆ ಗೇಣಿನಷ್ಟು ಇಳಿದರೆ ದೊಡ್ಡ ಮಾತು. ಆ ಗೇಣನ್ನು ಉಳಿಸಿಕೊಳ್ಳಲು ಗುಡ್ಡದ ಬುಡ ಬಳಸಿ, ತಿಟ್ಟು ತಪ್ಪಿಸಿ, ಕೂಗಳತೆಯ ಊರಿಗೂ ಸುತ್ತಿಕೊಂಡು ಹೋಗುತ್ತವೆ. ಏರಿಯ ಮೇಲೆ ನೀರಿನ ಜೊತೆಗೇ ಹೋದರೆ ಗೇರು ಬದಲಿಸುವ ಪ್ರಮೇಯವೇ ಇಲ್ಲ. ಸ್ಟ್ರಾವಾದಲ್ಲಿ ಏರಿಳಿತದ ಗೆರೆ ನಿದ್ದೆ ಹೋಗಿರುತ್ತದೆ. ಲೆವೆಲ್ಲು, ಸರಪಳಿ ಹಿಡಿದು ಬಿಸಿಲಲ್ಲಿ ಅಳೆದವರು ಯಾರೋ, ಅದರ ಲಾಭ ನನ್ನ ಮಂಡಿಗೆ.

ಇಂಗ್ಲೆಂಡಿನ ಕಾಲುವೆ ದಂಡೆಯ ದಾರಿಗಳು ದೋಣಿ ಎಳೆಯುವ ಕುದುರೆಗಳಿಗಾಗಿ ಹುಟ್ಟಿದವು. ಈಗ ಅಲ್ಲಿ ಸೈಕಲ್ಲುಗಳು ಓಡುತ್ತವೆ. ನಮ್ಮ ಏರಿಯ ದಾರಿ ಇಂಜಿನಿಯರ ಜೀಪಿಗೆ, ನೀರಗಂಟಿಯ ಓಡಾಟಕ್ಕೆ. ಒಂದು ದಂಡೆ ಅಗಲ, ಇನ್ನೊಂದು ಕಿರಿದು ಇರುವುದು ಅದಕ್ಕೇ. ಅಗಲದ ದಂಡೆ ಹಿಡಿದು ಹೋಗುತ್ತಿದ್ದಂತೆ ಅದು ಕೆಲವೊಮ್ಮೆ ಹೇಳದೆ ಕೇಳದೆ ಎದುರು ದಂಡೆಗೆ ಹಾರುತ್ತದೆ. ಆಗ ಮುಂದಿನ ಸೇತುವೆ ಹುಡುಕಬೇಕು, ಇಲ್ಲವೇ ಆಳೆತ್ತರದ ಹುಲ್ಲಿನಲ್ಲಿ ಸೈಕಲ್ ತಳ್ಳಬೇಕು. ಬ್ರೆವೆ ಓಡಿಸುವ ಗೆಳೆಯರಿಗೆ ಇದು ಹಿಡಿಸುವುದಿಲ್ಲ. ಅವರು 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಿ ಕಾರ್ಡಿಗೆ ಮೊಹರು ಹಾಕಿಸಿಕೊಳ್ಳುವವರು. ನಾಲೆಯ ನೀರು ಹೋಗುವುದೇ ನಡೆಯುವ ಮನುಷ್ಯನ ವೇಗದಲ್ಲಿ. ಅದರ ಪಕ್ಕದಲ್ಲಿ ಗಡಿಯಾರ ನೋಡಿಕೊಂಡು ತುಳಿಯುವುದು ಮರ್ಯಾದೆಯಲ್ಲ.

ಹುಲಿಕೆರೆಯ ಬಳಿ ನಾಲೆ ಗುಡ್ಡದ ಸಾಲಿಗೆ ಎದುರಾಗುತ್ತದೆ. ಬಳಸಲು ದಾರಿಯಿಲ್ಲ. ಅಲ್ಲಿ ನೀರನ್ನು ಸುರಂಗಕ್ಕೆ ಇಳಿಸಿದ್ದಾರೆ, ಎರಡೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗ. ಅಷ್ಟು ಹೊತ್ತು ಜೊತೆಗಿದ್ದ ನೀರು ಕತ್ತಲೆಗೆ ನುಗ್ಗಿ ಮಾಯವಾಗುತ್ತದೆ. ಏರಿ ಹಿಡಿದು ಬಂದವನಿಗೆ ಮಾತ್ರ ಗುಡ್ಡ ಹತ್ತುವ ಶಿಕ್ಷೆ. ಚಿಕ್ಕ ಗೇರಿಗೆ ಇಳಿಸಿ, ಏದುಸಿರು ಬಿಡುತ್ತ ಮೇಲೆ ಹೋದರೆ ಸುತ್ತ ಒಣ ಹೊಲ, ಕುರುಚಲು ಗಿಡ, ಕುರಿ ಮಂದೆ. ಮಂಡ್ಯವೆಂದರೆ ಕಬ್ಬು, ಗದ್ದೆ ಎಂದುಕೊಂಡವರಿಗೆ ಇದು ಬೇರೆಯೇ ಜಿಲ್ಲೆ. ಕಾಲ ಕೆಳಗೇ ನೀರು ಹೋಗುತ್ತಿದೆ, ಮೇಲಿನ ಹೊಲಕ್ಕೆ ಹನಿಯಿಲ್ಲ. ನಾಲೆಗಿಂತ ಎತ್ತರದಲ್ಲಿರುವ ಭೂಮಿಗೆ ನಾಲೆ ಇದ್ದೂ ಇಲ್ಲ. ಶಾಲೆಯಲ್ಲಿ ಓದಿದ್ದ ಅಚ್ಚುಕಟ್ಟು ಎಂಬ ಮಾತಿಗೆ ಗಡಿ ಎಲ್ಲಿ ಎಂದು ಅಲ್ಲಿ ಕಣ್ಣಾರೆ ಕಾಣುತ್ತದೆ: ಒಂದು ಬದುವಿನ ಈಚೆ ಭತ್ತ, ಆಚೆ ರಾಗಿ.

ಹೊಗಳಿದ್ದಾಯಿತು, ಒಂದು ಭಯದ ಮಾತನ್ನೂ ಹೇಳಲೇಬೇಕು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಇದೇ ನಾಲೆಗೆ ಉರುಳಿ ಮೂವತ್ತು ಜನ ಹೋದರು, ಅವರಲ್ಲಿ ಶಾಲೆ ಮಕ್ಕಳೂ ಇದ್ದರು. ಆಮೇಲೂ ಕಾರುಗಳು ನಾಲೆಗೆ ಬಿದ್ದಿವೆ. ರಸ್ತೆಗೂ ನೀರಿಗೂ ಮಧ್ಯೆ ತಡೆಗೋಡೆ ಕೇಳುವುದಕ್ಕೆ ಸಾವುಗಳೇ ಬೇಕಾಗಿದ್ದು ನಮ್ಮ ಊರುಗಳ ದುರದೃಷ್ಟ. ಕಾಂಕ್ರೀಟು ಹಾಕಿದ ಇಳಿಜಾರು ಬದಿ ಪಾಚಿ ಕಟ್ಟಿದರೆ, ಈಜು ಬಲ್ಲವನಿಗೂ ಹಿಡಿದು ಹತ್ತಲು ಆಸರೆ ಸಿಗುವುದಿಲ್ಲ. ಹಾಗಾಗಿ ಏರಿಯ ಮೇಲೆ ನಾನು ಸದಾ ಗದ್ದೆಯ ಕಡೆಗೆ ಸರಿದೇ ಓಡಿಸುವುದು. ಬಿದ್ದರೆ ಕೆಸರಿಗೆ ಬೀಳಲಿ. ಕತ್ತಲಾದ ಮೇಲಂತೂ ಆ ಕಡೆ ತಲೆ ಹಾಕುವುದಿಲ್ಲ.

ಇನ್ನು ಜಾಲಿಮುಳ್ಳು. ಏರಿಯುದ್ದಕ್ಕೂ ಜಾಲಿ, ಅಲ್ಲಲ್ಲಿ ಹೊಂಗೆ. 25 ಮಿಲಿಮೀಟರಿನ ರೇಸಿಂಗ್ ಟೈರು ಇಲ್ಲಿ ಅಹಂಕಾರದ ಲಕ್ಷಣ; 35ಕ್ಕೆ ಕಡಿಮೆಯಿಲ್ಲದ ದಪ್ಪ ಟೈರು, ಸ್ವಲ್ಪ ಕಡಿಮೆ ಗಾಳಿ, ಜೊತೆಗೊಂದು ಸ್ಪೇರ್ ಟ್ಯೂಬು ಇರಬೇಕು. ಆ ಟ್ಯೂಬಿಗೂ ಮುಳ್ಳು ಹೊಕ್ಕರೆ ಹಳ್ಳಿಯ ಪಂಕ್ಚರ್ ಅಂಗಡಿಯೇ ಗತಿ. ಟ್ಯೂಬನ್ನು ಬಾಂಡ್ಲಿಯ ನೀರಲ್ಲಿ ಅದ್ದಿ, ಗುಳ್ಳೆ ಬಂದಲ್ಲಿ ಹೆಬ್ಬೆರಳಿಟ್ಟು, ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ, ಪ್ಯಾಚು ಒತ್ತುವ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಎಡವಟ್ಟಾಗುವುದು ಗಾಳಿ ಹೊಡೆಯುವಾಗ. ನಮ್ಮ ಸೈಕಲ್ಲುಗಳ ಪ್ರೆಸ್ಟಾ ವಾಲ್ವು ಕಡ್ಡಿಯಂತೆ ಸಣ್ಣ, ಅಂಗಡಿಯ ಪಂಪಿನ ಬಾಯಿ ದೊಡ್ಡದು. ನಡುವೆ ಕೂರಿಸಲು ಉಗುರಿನಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರೊಂದು ಬೇಕು. ಅದನ್ನು ನಾನು ಜೇಬಿನಿಂದ ತೆಗೆದಾಗ ಅಂಗಡಿಯವರು ಬೆರಳ ಮೇಲಿಟ್ಟು ತಿರುಗಿಸಿ ನೋಡಿ ನಕ್ಕರು. ಆಮೇಲೆ ಬರಬೇಕಾದ ಪ್ರಶ್ನೆ ಬಂದೇ ಬಂತು.

‘ಎಷ್ಟಾಯ್ತು ಸಾ ಇದಕ್ಕೆ?’

ಅರ್ಧಕ್ಕಿಳಿಸಿ ಹೇಳಿದೆ.

‘ಅಷ್ಟ್ ದುಡ್ಗೆ ಬೈಕೇ ಬತ್ತಿತ್ತಲ್ಲ ಸಾ!’

ಪೂರ್ತಿ ಬೆಲೆ ಹೇಳಿದ್ದರೆ ಎರಡು ಎಮ್ಮೆಯ ಲೆಕ್ಕಕ್ಕೆ ಹೋಗುತ್ತಿತ್ತು. ನಾಲೆಯ ಪಕ್ಕದ ಹಳ್ಳಿಗಳಲ್ಲಿ ಸೈಕಲ್ ಇನ್ನೂ ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೊರುವ ಗಾಡಿ. ಕ್ಯಾರಿಯರ್ ಇಲ್ಲದ, ಸ್ಟ್ಯಾಂಡ್ ಇಲ್ಲದ, ಮಡ್‌ಗಾರ್ಡೂ ಇಲ್ಲದ ಸೈಕಲ್ಲಿಗೆ ಅಷ್ಟು ದುಡ್ಡು ಸುರಿದವನ ಬಗ್ಗೆ ಅವರಿಗಿರುವುದು ಅಸೂಯೆಯಲ್ಲ, ಕನಿಕರ. ಅದು ನ್ಯಾಯವೇ.

ಸುರಂಗ ದಾಟಿದ ಮೇಲೆ ನಾಲೆ ಹೆಬ್ಬಕವಾಡಿ, ತುರುಗನೂರು, ಮದ್ದೂರು ಎಂದು ಕವಲಾಗುತ್ತದೆ. ಕವಲು ಹಿಡಿದು ಹೋದಂತೆಲ್ಲ ನೀರು ತೆಳ್ಳಗಾಗುವುದನ್ನು ಕಾರಿನಲ್ಲಿ ಹೋಗುವವರು ಗಮನಿಸಲಾರರು. ಸೈಕಲ್ಲಿಗೆ ಅದು ತಪ್ಪುವುದಿಲ್ಲ. ಮೇಲ್ಭಾಗದಲ್ಲಿ ಮಂಡಿ ಮುಳುಗುವ ಗದ್ದೆ, ಆಲೆಮನೆ, ಕೊಪ್ಪರಿಗೆಯಿಂದೇಳುವ ಹಬೆ, ಒಣಹಾಕಿದ ಕಬ್ಬಿನ ರಚ್ಚು. ಆಮೇಲೆ ಕಬ್ಬಿನ ನಡುವೆ ರಾಗಿ. ಇನ್ನೂ ಮುಂದೆ, ಮಳವಳ್ಳಿ ಕಡೆಗೆ, ತೂಬಿನ ಬುಡದಲ್ಲಿ ಬಿರುಕು ಬಿಟ್ಟ ಕೆಸರು. ‘ಕೊನೆ ಭಾಗದ ರೈತರಿಗೆ ನೀರು ತಲುಪಿಲ್ಲ’ ಎಂಬ ಸಾಲನ್ನು ಪತ್ರಿಕೆಯಲ್ಲಿ ಪ್ರತಿ ವರ್ಷ ಓದಿ ಪುಟ ತಿರುಗಿಸುತ್ತಿದ್ದೆ. ಆ ಸಾಲಿನ ಉದ್ದ ಎಷ್ಟೆಂದು ತುಳಿದ ಮೇಲೆ ತಿಳಿಯಿತು. ಕಟ್ಟು ಪದ್ಧತಿಯಲ್ಲಿ ಸರದಿಯಂತೆ ನೀರು ಬಿಟ್ಟರೂ, ಮೇಲಿನವರ ಗದ್ದೆ, ಮಧ್ಯದವರ ಪಂಪುಸೆಟ್ಟು ಎಲ್ಲ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಸರದಿಯೇ ಮುಗಿದಿರುತ್ತದೆ.

ಅಂಥ ಒಂದು ಕೊನೆಯಲ್ಲಿ, ಮೊಳ ಅಗಲದ ಒಣ ಕಾಲುವೆಯ ಪಕ್ಕ, ಗುದ್ದಲಿ ಹೆಗಲಿಗಿಟ್ಟ ಹಿರಿಯರೊಬ್ಬರು ನನ್ನನ್ನು ಕೈ ಅಡ್ಡ ಹಾಕಿ ನಿಲ್ಲಿಸಿದರು. ಬೆಲೆ ಕೇಳಲಿಲ್ಲ.

‘ಮೇಲ್ಗಡೆಯಿಂದ ಬಂದ್ರಾ? ನಾಲೇಲಿ ನೀರೈತಾ?’

ಇದೆ ಎಂದೆ. ಹುಲಿಕೆರೆ ಹತ್ತಿರ ಬಟ್ಟೆ ಒಗೆಯುವ ಮೆಟ್ಟಿಲು ಮುಳುಗಿತ್ತೇ, ಎಷ್ಟು ಮೆಟ್ಟಿಲು, ಕವಲಿನ ಗೇಟು ಪೂರ್ತಿ ಎತ್ತಿದ್ದರೇ, ನೀರು ಕೆಂಪಗಿತ್ತೇ ತಿಳಿಯಾಗಿತ್ತೇ ಎಂದು ಪಾಟೀಸವಾಲು ಶುರುವಾಯಿತು. ಗೊತ್ತಿದ್ದಷ್ಟು ಹೇಳಿದೆ. ಅವರು ಬೆರಳು ಮಡಿಸಿ ಎಣಿಸಿದರು. ‘ಹಂಗಾದ್ರೆ ನಾಳೆ ರಾತ್ರಿಗೆ ಬರಬೇಕು. ಮಧ್ಯದವ್ರು ಬುಟ್ರೆ. ದಾರೀಲಿ ಪೈಪ್ ಎಷ್ಟ್ ಬುಟ್ಟವ್ರೆ?’

ಏರಿಯಿಂದ ನಾಲೆಗೆ ಇಳಿದಿದ್ದ ಕರಿ ಪೈಪುಗಳನ್ನು ನಾನು ನೋಡಿದ್ದೆ. ಒಂದರ ಮೇಲೆ ಸೈಕಲ್ ಎತ್ತಿ ದಾಟಿಸಿದ್ದೆ ಕೂಡ. ಆ ಪೈಪಿನವರು ನನಗೆ ಮಜ್ಜಿಗೆ ಕೊಟ್ಟಿದ್ದರು. ಒಂದು ಗಳಿಗೆ ತಡವರಿಸಿ, ‘ಇದ್ದವು, ಎಣಿಸಲಿಲ್ಲ’ ಎಂದೆ.

ಅಷ್ಟು ಸಾಕಾಯಿತು ಅವರಿಗೆ. ಫೋನು ತೆಗೆದು ಯಾರಿಗೋ ಹಚ್ಚಿದರು. ‘ನಾನ್ ಹೇಳಿದ್ರೆ ನಂಬ್ತಿರ್ನಿಲ್ವಲ್ಲ, ಇಲ್ಲವ್ರೆ ನೋಡು, ಸೈಕಲ್‌ನೋರು, ಉದ್ದಕ್ಕೂ ನೋಡ್ಕಂಡೇ ಬಂದವ್ರೆ’ ಎಂದು ಫೋನನ್ನು ನನ್ನ ಕೈಗಿಟ್ಟು, ‘ನೀವೇ ಹೇಳಿ ಸಾ’ ಅಂದರು.