ಸರೋವರದಂಚಿನಲ್ಲಿ ಚಾಪ್ಲಿನ್, ಬೆಟ್ಟದಾಚೆ ‘ಚಾಂದನಿ’!

ಸಿನಿಮಾದಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗೋದು ಬಹಳ ಸುಲಭ, ಸ್ವಾಮಿ! ನಾಯಕಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಿಮದ ಬೆಟ್ಟ, ನೀಲಿ ಸರೋವರ, ನಡುವೆ ಒಂದು ಡ್ಯುಯೆಟ್. ಟಿಕೇಟಿಲ್ಲ, ವೀಸಾ ಇಲ್ಲ, ತೆಳು ಸೀರೆ ಉಟ್ಟರೂ ಚಳಿಯಿಲ್ಲ! ನಾವು ಗಂಡ-ಹೆಂಡತಿ ಆ ಹಾಡಿನೂರಿಗೆ ಹೊರಟಾಗ ಮಾತ್ರ ಇಡೀ ಮೊದಲ ದಿನ ದಾರಿಯಲ್ಲೇ ಕಳೆಯಿತು. ಆ ದಾರಿಯ ಕಥೆಯೇ ಇದು.

ಬೆಳಿಗ್ಗೆ ಜಿನೀವಾದಲ್ಲಿ ಇಳಿದೆವು. ವಿಮಾನ ನಿಲ್ದಾಣಕ್ಕೆ ಅಂಟಿಕೊಂಡೇ ರೈಲು ನಿಲ್ದಾಣ. ಗಾಡಿ ಊರು ಬಿಟ್ಟ ಮೇಲೆ ಬಲಗಡೆ ಕಿಟಕಿಯ ತುಂಬ ಜಿನೀವಾ ಸರೋವರ. ಸುಮಾರು 580 ಚದರ ಕಿಲೋಮೀಟರ್ ನೀರು! ನಾವಿದ್ದ ದಡ ಸ್ವಿಟ್ಜರ್ಲೆಂಡ್; ಎದುರು ದಡದ ಬಹುಪಾಲು ಫ್ರಾನ್ಸ್. ಲೋಸಾನ್ ದಾಟಿದರೆ ನೀರಿನ ಮೇಲಿನ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಲಾವೋ ಎಂಬ ಈ ತೋಟಗಳು 2007ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ.

ನಮ್ಮವಳ ಆಸೆ ಒಂದೇ. ಕತ್ತಲಾಗುವ ಮೊದಲು ಇಂಟರ್‌ಲಾಕೆನ್ ಸೇರಬೇಕು, ಹಿಮದ ಬೆಟ್ಟ ನೋಡಬೇಕು. ನನ್ನ ಆಸೆ ಬೇರೆ ಇತ್ತು. ಅದಕ್ಕೇ ನಡುವೆ ವೆವೆ ಎಂಬ ಊರಿನಲ್ಲಿ ಇಳಿದೆವು.

ದಡದ ಮೇಲೊಬ್ಬ ಅಲೆಮಾರಿ

ಸರೋವರದ ನೀರಿನಲ್ಲಿ ಆಳೆತ್ತರಕ್ಕೂ ಮೀರಿದ ಫೋರ್ಕೊಂದನ್ನು ನೆಟ್ಟಿದ್ದಾರೆ. ಅದರ ಹತ್ತಿರವೇ ದಡದ ಮೇಲೆ ಅದೇ ಟೋಪಿ, ಅದೇ ಕೋಲು, ಅದೇ ದೊಗಳೆ ಪ್ಯಾಂಟು... ಚಾರ್ಲಿ ಚಾಪ್ಲಿನ್! ಕಂಚಿನ ಪ್ರತಿಮೆ. ಮಕ್ಕಳು ಅವರ ಕೈ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಚಾಪ್ಲಿನ್ ಇಲ್ಲಿಗೆ ರಜಾ ಕಳೆಯಲು ಬಂದವರಲ್ಲ. 1952ರಲ್ಲಿ ‘ಲೈಮ್‌ಲೈಟ್’ ಚಿತ್ರಕ್ಕಾಗಿ ಲಂಡನ್ನಿಗೆ ಹಡಗು ಹತ್ತಿದರು. ಹಡಗು ಇನ್ನೂ ಸಮುದ್ರದಲ್ಲಿರುವಾಗಲೇ ಅಮೆರಿಕ ಸರ್ಕಾರ ಅವರ ಮರುಪ್ರವೇಶದ ಅನುಮತಿಯನ್ನು ರದ್ದು ಮಾಡಿತು. ಸುಮಾರು ನಲವತ್ತು ವರ್ಷ ದುಡಿದ ನಾಡಿನ ಬಾಗಿಲು ಮುಚ್ಚಿತು! 1953ರಲ್ಲಿ ವೆವೆ ಪಕ್ಕದ ಕೊರ್ಸಿಯೆ ಹಳ್ಳಿಗೆ ಬಂದು ನೆಲೆಸಿದರು. 1977ರ ಕ್ರಿಸ್‌ಮಸ್ ದಿನ ಅಲ್ಲೇ ಕಣ್ಣು ಮುಚ್ಚಿದರು. ಅವರ ಮನೆ 2016ರಿಂದ ಮ್ಯೂಸಿಯಂ.

ನಮ್ಮ ಉಡುಪಿ ಜಿಲ್ಲೆಯ ಕಡಲ ದಡದಲ್ಲೂ 2009ರಲ್ಲಿ ಕನ್ನಡ ಚಿತ್ರವೊಂದರ ಷೂಟಿಂಗಿಗೆ ಚಾಪ್ಲಿನ್‌ರ ಭಾರಿ ಪ್ರತಿಮೆ ನಿಲ್ಲಿಸಲು ಹೊರಟಿದ್ದರು. ವಿರೋಧ ಎದ್ದು ಕೈಬಿಡಬೇಕಾಯಿತು. ಸತ್ತ ಮೇಲೂ ಈ ಅಲೆಮಾರಿಗೆ ನಿಲ್ಲಲು ಜಾಗ ಸುಲಭಕ್ಕೆ ಸಿಗಲಿಲ್ಲ ನೋಡಿ!

ಕೊರ್ಸಿಯೆಯ ಸ್ಮಶಾನಕ್ಕೂ ಹೋದೆವು. “ಏನ್ರೀ, ಟೂರಿನ ಮೊದಲ ದಿನಾನೇ ಸ್ಮಶಾನ ತೋರಿಸ್ತೀರಾ?” ಎಂದು ನಮ್ಮವಳು ಹುಬ್ಬು ಗಂಟಿಕ್ಕಿದಳು. ಅಲ್ಲಿ ಚಾರ್ಲಿ ಪಕ್ಕದಲ್ಲೇ 1991ರಲ್ಲಿ ತೀರಿಕೊಂಡ ಹೆಂಡತಿ ಊನಾ ಮಲಗಿದ್ದಾಳೆ. ಹದಿನೆಂಟರ ಹುಡುಗಿ ಐವತ್ತನಾಲ್ಕರ ಚಾಪ್ಲಿನ್‌ರನ್ನು 1943ರಲ್ಲಿ ಮದುವೆಯಾದಾಗ ಲೋಕವೆಲ್ಲ ನಕ್ಕಿತ್ತು. ಗಂಡನಿಗೆ ಇಲ್ಲದ ಅಮೆರಿಕ ತನಗೂ ಬೇಡವೆಂದು ಆಕೆ 1954ರಲ್ಲಿ ತನ್ನ ಪೌರತ್ವವನ್ನೇ ಬಿಟ್ಟುಕೊಟ್ಟಳು. ಎಂಟು ಮಕ್ಕಳ ಸಂಸಾರ. 1978ರಲ್ಲಿ ಕಳ್ಳರು ಚಾಪ್ಲಿನ್‌ರ ಶವಪೆಟ್ಟಿಗೆಯನ್ನೇ ಕದ್ದು ಹಣ ಕೇಳಿದರೂ ಆಕೆ ಮಣಿಯಲಿಲ್ಲ. ಪೊಲೀಸರೇ ಅದನ್ನು ಪತ್ತೆಹಚ್ಚಿ ತಂದರು.

ನಮ್ಮವಳು ಆಮೇಲೆ ಗಡಿಯಾರ ನೋಡಲೇ ಇಲ್ಲ. ಹೊರಡೋಣ ಎಂದು ನಾನೇ ಹೇಳಬೇಕಾಯಿತು.

ಚಕ್ರ ಬದಲಿಸುವ ರೈಲು

ಮಾಂಟ್ರೊದಿಂದ ಮಧ್ಯಾಹ್ನ ಬೆಟ್ಟದ ರೈಲು. ಬಳುಕುತ್ತ ಬಳುಕುತ್ತ ಹತ್ತಿತು. ಸರೋವರ ಕೆಳಗೆ ತಟ್ಟೆಯಷ್ಟಾಯಿತು. ಆಮೇಲೊಂದು ಉದ್ದನೆಯ ಸುರಂಗ. ಆಚೆ ಬಂದರೆ ನೀರೂ ಇಲ್ಲ, ದ್ರಾಕ್ಷಿಯೂ ಇಲ್ಲ. ಹಸಿರು ಹುಲ್ಲು, ದಪ್ಪ ದಪ್ಪ ಹಸು, ಮರದ ಮನೆಗಳು! ಸಾನೆನ್ ಊರು ಬರುವಷ್ಟರಲ್ಲಿ ಜನರ ಮಾತೂ ಫ್ರೆಂಚಿನಿಂದ ಜರ್ಮನ್‌ಗೆ ತಿರುಗಿತ್ತು. 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಚಿತ್ರದ ಷೂಟಿಂಗ್ ನಡೆದದ್ದು ಈ ಸೀಮೆಯಲ್ಲೇ. ಸಾನೆನ್‌ನ ಪುಟ್ಟ ಸೇತುವೆಯನ್ನು ಹುಡುಕಿಕೊಂಡು ಅಭಿಮಾನಿಗಳು ಇಂದಿಗೂ ಬರುತ್ತಾರೆ.

ಸ್ವೈಸಿಮ್ಮೆನ್ ನಿಲ್ದಾಣದಲ್ಲಿ ನಿಜವಾದ ಟ್ರಿಕ್ ಷಾಟ್! ಅಲ್ಲಿಯವರೆಗೆ ಮೀಟರ್ ಗೇಜ್, ಅಲ್ಲಿಂದ ಮುಂದೆ 1,435 ಮಿಲಿಮೀಟರ್ ಅಗಲದ ಹಳಿ. 2022ರ ಡಿಸೆಂಬರಿನಲ್ಲಿ ಶುರುವಾದ ಈ ಗಾಡಿಯ ಬೋಗಿಗಳು ನಿಧಾನ ಸಾಗುತ್ತಲೇ ಚಕ್ರಗಳ ಅಂತರ ಹಿಗ್ಗಿಸಿಕೊಳ್ಳುತ್ತವೆ. ಬದಲಾಗುವುದು ಎಂಜಿನ್ ಮಾತ್ರ, ಪ್ರಯಾಣಿಕರು ಇಳಿಯಬೇಕಿಲ್ಲ. ಗೇಜ್ ಬದಲಾದಲ್ಲೆಲ್ಲ ಗಂಟುಮೂಟೆ ಹೊತ್ತು ಗಾಡಿ ಬದಲಿಸಿದ ನಮ್ಮ ಹಿರಿಯರು ನೋಡಬೇಕಿತ್ತು!

ಸ್ಪೀಟ್ಸ್ ಬಳಿ ಮತ್ತೆ ನೀರು. ಇದು ಥೂನ್ ಸರೋವರ. ಅದರ ಅಂಚಿನಲ್ಲೇ ಓಡಿ ಇಂಟರ್‌ಲಾಕೆನ್. ಎರಡು ಸರೋವರಗಳ ನಡುವಿನ ಊರು ಎಂದೇ ಹೆಸರಿನ ಅರ್ಥ. 1989ರ ‘ಚಾಂದನಿ’ಯಲ್ಲಿ ಈ ದೇಶವನ್ನು ನಮ್ಮ ಜನಕ್ಕೆ ತೋರಿಸಿದ ಯಶ್ ಚೋಪ್ರಾರಿಗೆ ಇಲ್ಲಿ 2016ರಲ್ಲಿ ಪ್ರತಿಮೆ ನಿಲ್ಲಿಸಿದ್ದಾರೆ.

ಆದರೆ 4,158 ಮೀಟರ್ ಎತ್ತರದ ಯುಂಗ್‌ಫ್ರೌ? ಪೂರಾ ಮೋಡದೊಳಗೆ! ನಮ್ಮವಳು ಮುನಿಸಿಕೊಳ್ಳುತ್ತಾಳೇನೋ ಎಂದು ಅಂಜುತ್ತಲೇ ತಿರುಗಿದೆ. ಅವಳು ಶಾಲು ಹೊದ್ದು ನಕ್ಕಳು: “ನಾಳೆ ಕಾಣುತ್ತೆ ಬಿಡ್ರೀ. ಈ ದಾರಿ ಇಷ್ಟು ಚೆನ್ನಾಗಿದೆಯಲ್ಲ, ಸಿನಿಮಾದೋರು ಇದನ್ನೇ ಕಟ್ ಮಾಡಿಬಿಡ್ತಾರಲ್ಲಾ!”

ಚಿತ್ರರಸಿಕ ಮಿತ್ರರೇ, ನಿಮಗೂ ಆ ಯೋಗ ಬಂದರೆ ಹಿಮಕ್ಕೆ ಅವಸರ ಮಾಡಬೇಡಿ. ಮೊದಲು ವೆವೆಯಲ್ಲಿ ಇಳಿಯಿರಿ.